ಇಪ್ಪತ್ತೊಂಬತ್ತನೆಯ ನರಕ

ಬೆಳಿಗ್ಗೆ ಎದ್ದು ಮಾರ್ತಾಂಡಭಟ್ಟರ ಮುಖ ನೋಡಬಾರದು ಎಂಬುದು ಗದುಗಿನ ವೀರನಾರಾಯಣ ಗುಡಿಯ ಓಣಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಕೋರ್ಟಿಗೆ ಹೊರಟ ವಕೀಲರು ಭಟ್ಟರು ಎದುರಾದರೆ ಸರಕ್ಕನೆ ಮನೆಗೆ ತಿರುಗಿ, ದೇವರಿಗೆ ಮತ್ತೊಮ್ಮೆ ಕೈಮುಗಿದು ಹೊರಡುತ್ತಿದ್ದರು. ಮದುವೆಗಾಗಲಿ ಮುಂಜಿವೆಗಾಗಲಿ ಅವರನ್ನು ಕರೆಯುವ ಪದ್ಧತಿಯೇ ಇರಲಿಲ್ಲ. ಪಾಪ, ಅವರೇನು ಯಾರ ತಲೆಯನ್ನೂ ಒಡೆದವರಲ್ಲ. ಯಾರದಾದರೂ ಮನೆಯಲ್ಲಿ ಸಾವಾದರೆ ಸೂತಕ ಕಳೆಯುವವರೆಗೆ ದಿನಾ ಸಂಜೆ ಹೋಗಿ ಕೂತು ನರಕದ ಪುರಾಣ ಓದುವುದು ಅವರ ಕಸುಬು. ಆ ಪುರಾಣದ ಪೋಥಿಯನ್ನು ಸತ್ತವರ ಮನೆಯಲ್ಲಿ ಬಿಟ್ಟು ಬೇರೆಲ್ಲೂ ಬಿಚ್ಚುವಂತಿಲ್ಲ. ಬಿಚ್ಚಿದರೆ ಆ ಮನೆಯಲ್ಲೂ ಒಂದು ಹೆಣ ಬೀಳುತ್ತದೆಂದು ನಂಬಿಕೆ. ಇಂಥ ಭಟ್ಟರು ಪೋಥಿಯಲ್ಲಿ ಇಲ್ಲದ ಒಂದು ನರಕವನ್ನು ತಾವೇ ಕಟ್ಟಿ, ಅದರಿಂದ ಒಬ್ಬ ಮುದುಕಿಯ ಪ್ರಾಣವನ್ನು ತುಟಿಗೆ ತಂದಿಟ್ಟ ಕಥೆ ಇದು.

ಬೆಳಿಗ್ಗೆ ಮುಖ ತಿರುಗಿಸಿದ ಮಂದಿಯೇ ಸಂಜೆಗೆ ಸತ್ತವರ ಮನೆಯ ಮುಂದೆ ಜಾಗ ಹಿಡಿಯಲು ಗುದ್ದಾಡುತ್ತಿದ್ದರು. ಸೂತಕದ ಮನೆಯ ಹೊಸ್ತಿಲು ದಾಟಿದರೆ ಮೈಲಿಗೆ, ಹೊರಗಿನ ಕಟ್ಟೆಯ ಮೇಲೆ ಕೂತರೆ ಮೈಲಿಗೆಯಲ್ಲ ಎಂದು ತಾವೇ ಒಂದು ಶಾಸ್ತ್ರ ಹುಟ್ಟಿಸಿಕೊಂಡಿದ್ದರು. ಸತ್ತವನ ಹೆಸರು ಕೂಡ ಗೊತ್ತಿಲ್ಲದ ಬೆಟಗೇರಿಯ ನೇಕಾರರು ಮಗ್ಗ ನಿಲ್ಲಿಸಿ ಬರುತ್ತಿದ್ದರು. ಊರಿನ ವಾಚನಾಲಯಕ್ಕೆ ಕೊಲೆ, ರಕ್ತ, ದೆವ್ವಗಳ ಹಳದಿ ರಟ್ಟಿನ ಕಾದಂಬರಿ ತರಿಸಬಾರದು, ಹುಡುಗರು ಕೆಡುತ್ತಾರೆ ಎಂದು ಗದ್ದಲ ಎಬ್ಬಿಸಿದ್ದ ಹಿರಿಯರಂತೂ ಮುಂದಿನ ಸಾಲು ಬಿಟ್ಟು ಕೂತವರೇ ಅಲ್ಲ. ಅದು ಕಾದಂಬರಿ, ಇದು ಧರ್ಮ. ಕಾದಂಬರಿಯಲ್ಲಿ ಒಬ್ಬನ ಕೊರಳು ಕೊಯ್ದರೆ ಹೊಲಸು. ಪುರಾಣದಲ್ಲಿ ಸಾವಿರ ಜನರ ಚರ್ಮ ಸುಲಿದರೆ ಪುಣ್ಯ. ಎಷ್ಟು ಸರಳ ನೋಡಿ!

ಭಟ್ಟರ ಅಪ್ಪನೂ ಮುಳಗುಂದದಲ್ಲಿ ಇದನ್ನೇ ಓದುತ್ತಿದ್ದರು. ಆದರೆ ಅವರು ಓದಲು ಕೂತರೆ ಸತ್ತವರ ಹೆಂಡತಿಯೂ ತೂಕಡಿಸುತ್ತಿದ್ದಳು. ಮಗ ಮಾರ್ತಾಂಡನಿಗೆ ಸಣ್ಣ ವಯಸ್ಸಿನಲ್ಲೇ ಇದರ ಗುಟ್ಟು ಹೊಳೆಯಿತು. ಸಂಸ್ಕೃತದ ನರಕ ಎಲ್ಲೋ ದೂರ, ಯಾವುದೋ ಲೋಕದಲ್ಲಿ. ಅದನ್ನು ಗದುಗಿಗೆ ತರಬೇಕು. ಹಾಗೆಂದು ಅವರು ಕಲಿಯಲು ಹೋದದ್ದು ಯಾವ ಪಂಡಿತರ ಬಳಿಗೂ ಅಲ್ಲ, ಹತ್ತಿಯಿಂದ ಕಾಳು ಬಿಡಿಸುವ ಯಂತ್ರ ಇರುವ ಜಿನ್ನಿಗೆ. ಹತ್ತಿ ಒಳಗೆ ಹೋಗಿ ಅರಳೆ ಈ ಕಡೆ, ಕಾಳು ಆ ಕಡೆ ಬೀಳುವುದನ್ನು ಕಣ್ಣು ಮಿಟುಕಿಸದೆ ನೋಡಿ ಬಂದರು. ಅಂದಿನಿಂದ ಅವರ ನರಕದಲ್ಲಿ ಪಾಪಿಯನ್ನು ಕಾಲಿನ ಕಡೆಯಿಂದ ಜಿನ್ನಿಗೆ ಹಾಕತೊಡಗಿದರು. ಮಾಂಸ ಈ ಕಡೆ, ಎಲುಬು ಆ ಕಡೆ. ತಲೆಯನ್ನು ಮಾತ್ರ ಕೊನೆಗೆ ಹಾಕುತ್ತಾರೆ, ಯಾಕೆಂದರೆ ಅದು ಎಲ್ಲವನ್ನೂ ನೋಡಬೇಕಲ್ಲ! ಇದನ್ನು ಹೇಳುವಾಗ ಭಟ್ಟರ ದನಿ ಮೆತ್ತಗಾಗುತ್ತಿತ್ತು, ಮಗುವಿಗೆ ತುತ್ತು ತಿನ್ನಿಸುವವರ ಹಾಗೆ.

ಸ್ಟೇಷನ್ ರಸ್ತೆಯ ತಿರಕಪ್ಪನ ಭಜಿ ಅಂಗಡಿಯ ಬಾಣಲೆಯೂ ಹೀಗೆಯೇ ನರಕ ಸೇರಿತು. ಲಂಚ ತಿಂದವನ ಹೊಟ್ಟೆಯನ್ನು ಮೆಣಸಿನಕಾಯಿ ಸೀಳಿದ ಹಾಗೆ ಉದ್ದಕ್ಕೆ ಸೀಳಿ, ಉಪ್ಪು ಜೀರಿಗೆ ತುಂಬಿ, ಹಿಟ್ಟಿನಲ್ಲಿ ಅದ್ದಿ, ಕುದಿಯುವ ಎಣ್ಣೆಗೆ ಬಿಡುತ್ತಾರೆ. ಕೆಂಪಾದ ಮೇಲೆ ತೆಗೆದು ಆರಲು ಇಡುತ್ತಾರೆ. ಆರಿದ ಮೇಲೆ ಮತ್ತೆ ಜೀವ ಬರುತ್ತದೆ, ಮತ್ತೆ ಸೀಳುತ್ತಾರೆ. ಕೇಳುತ್ತಿದ್ದ ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡು "ಅಯ್ಯ ಶಿವನೇ, ಸಾಕ್ರೀ" ಎನ್ನುತ್ತಿದ್ದರು. ಸಾಕೆಂದು ಎದ್ದು ಹೋದವರು ಮಾತ್ರ ಒಬ್ಬರೂ ಇಲ್ಲ. ಪುರಾಣ ಮುಗಿದ ಮೇಲೆ ಗಂಡಸರು ನೆಟ್ಟಗೆ ಹೋಗುತ್ತಿದ್ದುದು ತಿರಕಪ್ಪನ ಅಂಗಡಿಗೇ. ಊರಲ್ಲಿ ಸಾವಾದ ದಿನಗಳಲ್ಲಿ ಅವನ ಭಜಿ ಸಾಲುತ್ತಿರಲಿಲ್ಲ.

ಇನ್ನೊಂದು ತಮಾಷೆ ಇತ್ತು. ಪ್ರತಿಯೊಬ್ಬರೂ ಮಂದಿಯ ಪಾಪದ ನರಕವನ್ನು ಕಣ್ಣರಳಿಸಿ ಕೇಳುತ್ತಿದ್ದರು. ತಮ್ಮ ಪಾಪದ ಸರದಿ ಬಂದಾಗ ಮಾತ್ರ ಒಬ್ಬನಿಗೆ ಕೆಮ್ಮು, ಒಬ್ಬನಿಗೆ ಚಪ್ಪಲಿ ಎಲ್ಲಿ ಬಿಟ್ಟೆನೆಂಬ ನೆನಪು. ಹತ್ತಿ ವ್ಯಾಪಾರಿ ವಿರೂಪಾಕ್ಷಪ್ಪನವರ ಮಂದಿಯಲ್ಲಿ ಈ ಪುರಾಣವೂ ಇಲ್ಲ, ಈ ನರಕವೂ ಇಲ್ಲ. ಆದರೂ ಅವರು ಒಂದು ಸಂಜೆ ತಪ್ಪಿಸಿಕೊಂಡವರಲ್ಲ. ತೂಕ ಹೆಚ್ಚಲೆಂದು ಹತ್ತಿಗೆ ನೀರು ಚಿಮುಕಿಸುವವರ ನರಕ ಬಂದಾಗ ಅವರು ಪಕ್ಕದವರ ಕಡೆ ಬಾಗಿ, "ಇದು ಹುಬ್ಬಳ್ಳಿ ವ್ಯಾಪಾರಸ್ಥರ ಸಲುವಾಗಿ ಐತಿ ನೋಡ್ರಿ" ಎನ್ನುತ್ತಿದ್ದರು.

ಭಟ್ಟರು ಕಾಲಕ್ಕೆ ತಕ್ಕ ಹಾಗೆ ನಡೆಯುವ ಮನುಷ್ಯ. ರೇಶನ್ನಿನ ಕಾಲದಲ್ಲಿ ಕಾಳಸಂತೆಯವರನ್ನು ಸಕ್ಕರೆಯ ಪಾಕದಲ್ಲಿ ಮುಳುಗಿಸಿ ಇರುವೆಗಳಿಗೆ ಬಿಟ್ಟರು. ಸ್ವಾತಂತ್ರ್ಯ ಬಂದ ವರ್ಷ ಇಂಗ್ಲಿಷರಿಗೊಂದು ನರಕ ಕಟ್ಟಿದ್ದರು, ಬಲು ಚೆನ್ನಾಗಿತ್ತು. ಆದರೆ ಅದನ್ನು ಓದಲು ಓಣಿಯಲ್ಲಿ ಒಂದು ಸಾವಾಗುವಷ್ಟರಲ್ಲಿ ಇಂಗ್ಲಿಷರು ಹಡಗು ಹತ್ತಿಬಿಟ್ಟಿದ್ದರು. ಆಮೇಲೆ ಏಕೀಕರಣದ ಗಲಾಟೆ ಎದ್ದಿತು. ಕನ್ನಡ ನಾಡನ್ನು ಹರಿದು ಹಂಚಿದವರ ದೇಹವನ್ನು ಯಮದೂತರು ಕರಗಸದಿಂದ ಕೊಯ್ದು, ರುಂಡವನ್ನು ಮುಂಬಯಿಗೆ, ಕೈಗಳನ್ನು ಹೈದರಾಬಾದಿಗೆ, ಕಾಲುಗಳನ್ನು ಮದರಾಸಿಗೆ ಕಳಿಸುತ್ತಾರೆ. ಒಂದೊಂದು ತುಂಡೂ ಒಂದೊಂದು ಭಾಷೆಯಲ್ಲಿ ಬೊಬ್ಬೆ ಹೊಡೆಯುತ್ತದೆ, ಒಂದರ ಮಾತು ಒಂದಕ್ಕೆ ತಿಳಿಯುವುದಿಲ್ಲ. ಇದಕ್ಕೆ ಚಪ್ಪಾಳೆ ಬಿತ್ತು. ಸತ್ತವರ ಮನೆಯಲ್ಲಿ ಚಪ್ಪಾಳೆ! ಸತ್ತವರ ಮಗನೂ ತಟ್ಟಿದ.

ಆದರೆ ನಾಡು ಒಂದಾಗುವುದು ಖಾತ್ರಿಯಾಯಿತು, ಈ ನರಕದ ಕಿಮ್ಮತ್ತೂ ಹೋಯಿತು. ಸಾಲದ್ದಕ್ಕೆ ಆ ವರ್ಷ ಓಣಿಯಲ್ಲಿ ಯಾರೂ ಸಾಯಲಿಲ್ಲ. ಮಂದಿ ಮುದುಕರ ಆರೋಗ್ಯವನ್ನು ತುಸು ಹೆಚ್ಚೇ ಕಾಳಜಿಯಿಂದ ವಿಚಾರಿಸತೊಡಗಿದರು. ಒಂದು ದಿನ ವಿರೂಪಾಕ್ಷಪ್ಪನವರು ಭಟ್ಟರನ್ನು ರಸ್ತೆಯಲ್ಲೇ ತಡೆದರು.

"ಏನ್ರೀ ಭಟ್ಟರ, ನಿಮ್ಮ ಓಣ್ಯಾಗ ಮಂದಿ ಸಾಯೂದ ಬಿಟ್ಟಾರೇನು? ಇನ್ನ ಮ್ಯಾಲ ಓದಿದ್ರ ಹೊಸಾದು ಏನರ ಓದ್ರಿ. ಆ ಬಾಣಲಿ, ಆ ಜಿನ್ನು ಕೇಳಿ ಕೇಳಿ ಸಾಕಾಗೈತಿ. ಈಗ ಅಂಜಿಕಿ ಬರಂಗಿಲ್ಲ, ಆಕಳಿಕಿ ಬರತೈತಿ."

ಆಕಳಿಕೆ ಎಂಬ ಮಾತು ಭಟ್ಟರ ಎದೆಗೆ ನಾಟಿತು. ಅಪ್ಪನ ಕಾಲದ ತೂಕಡಿಕೆ ಕಣ್ಣ ಮುಂದೆ ಬಂತು. ಮನೆಗೆ ಹೋಗಿ ಅಡಿಗೆಮನೆಯ ಬಾಗಿಲಲ್ಲಿ ಕುಸಿದು ಕೂತರು. ಹೆಂಡತಿ ಪದ್ಮಾಬಾಯಿ ಚಪಾತಿ ಲಟ್ಟಿಸುತ್ತಿದ್ದರು.

"ಏ, ಒಂದು ಪಾಪ ಹೇಳ" ಎಂದರು ಭಟ್ಟರು.

"ಯಾರ್ದು?"

"ಯಾರ್ದಾದ್ರೂ ಆಗ್ಲಿ. ಹೊಸಾದಿರಬೇಕು."

ಪದ್ಮಾಬಾಯಿ ಲಟ್ಟಣಿಗೆ ನಿಲ್ಲಿಸಲಿಲ್ಲ. "ಬಾಣಂತಿ ನೀರು ನೀರು ಅಂತ ಒದರೂ ಮುಂದ ಒಂದು ಗುಟುಕು ಕೊಡ್ಲಾರದ್ದು ಪಾಪ ಹೌದೋ ಅಲ್ಲೋ?"

"ಅದು ಪಾಪ ಹೆಂಗಾಗ್ತದ? ಪದ್ಧತಿ ಅದು."

"ಯಾಕ್ರೀ, ಪದ್ಧತಿಗೆ ನರಕ ಇಲ್ಲೇನು ನಿಮ್ಮ ಪೋಥಿಯೊಳಗ?"

ಪದ್ಧತಿ ಹೌದು. ಹಸಿಮೈಗೆ ನೀರು ಬಿದ್ದರೆ ಸನ್ನಿಯಾಗುತ್ತದೆ ಎಂದು ಬಾಣಂತಿಗೆ ನೀರು ಕೊಡುತ್ತಿರಲಿಲ್ಲ. ತುಟಿ ಒದ್ದೆಯಾಗುವಷ್ಟು ಬಿಸಿನೀರು ಕೊಟ್ಟರೆ ಅದೇ ಹೆಚ್ಚು. ಪದ್ಮಾಬಾಯಿಗೆ ತವರಿನಲ್ಲಿ ತಾಯಿ ಇರಲಿಲ್ಲವಾಗಿ ಬಾಣಂತನ ಗಂಡನ ಮನೆಯಲ್ಲೇ ಆಯಿತು. ಏಪ್ರಿಲ್ ತಿಂಗಳು, ಕಿಟಕಿ ಮುಚ್ಚಿದ ಕೋಣೆ, ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ. ಮೇಲೆ ಜ್ವರ. ನಾಲಿಗೆ ಅಂಗುಳಕ್ಕೆ ಅಂಟಿಕೊಂಡು ಕಿತ್ತರೂ ಬರುತ್ತಿರಲಿಲ್ಲವಂತೆ. ಅತ್ತೆ ನೀರಿನ ತಂಬಿಗೆಯನ್ನು ದೂರ ಸರಿಸಿ ತಲೆ ಸವರುತ್ತಿದ್ದರಂತೆ. "ಬ್ಯಾಡ ನನ್ನವ್ವಾ, ನಿನ್ನ ಒಳ್ಳೇದಕ್ಕ ಹೇಳ್ತೀನಿ" ಎನ್ನುತ್ತಿದ್ದರಂತೆ. ಪದ್ಮಾಬಾಯಿ ಇದನ್ನೆಲ್ಲ ಹೇಳಿ, "ಬೈದಿದ್ರ ತಡಕೋತಿದ್ದೆ. ಆ ಪ್ರೀತಿ ಮಾತಿಗೆ ಮೈಯೆಲ್ಲ ಉರೀತಿತ್ತು" ಎಂದು ಚಪಾತಿಯನ್ನು ಹೆಂಚಿಗೆ ಬಡಿದರು.

ಬೇರೆ ಗಂಡನಾಗಿದ್ದರೆ ಇಷ್ಟು ಕೇಳಿ ತಲೆ ತಗ್ಗಿಸುತ್ತಿದ್ದ. ನಮ್ಮ ಭಟ್ಟರು ಹಿಗ್ಗಿ ಹೀರೇಕಾಯಿಯಾದರು. "ಅಗದಿ ಛೊಲೋ ಅದ!" ಎಂದು ತೊಡೆ ತಟ್ಟಿಕೊಂಡು ಎದ್ದರು. ಸುದೈವವೋ ಏನೋ, ಅದೇ ವಾರ ಒಬ್ಬ ನಿವೃತ್ತ ಶಿರಸ್ತೇದಾರರು ತೀರಿಕೊಂಡರು.

ಶಿರಸ್ತೇದಾರರ ಮನೆಯ ಕಟ್ಟೆ ತುಂಬಿತು. ಕಂಬಕ್ಕೆ ಒರಗಿ ಜಾನಕೀಬಾಯಿ ಕೂತಿದ್ದರು; ಅದು ಅವರ ಖಾಯಂ ಜಾಗ. ಎಪ್ಪತ್ತು ದಾಟಿದ ಈ ಮುದುಕಿ ಕೋರ್ಟಿನ ಕಾರಕೂನ ಅನಂತರಾಯರ ತಾಯಿ, ಭಟ್ಟರ ಶ್ರೋತೃಗಳಲ್ಲೆಲ್ಲ ಹಿರಿಯರು. ಯಾವ ನರಕದಲ್ಲಿ ಎಷ್ಟು ಕೊಪ್ಪರಿಗೆ ಎಂಬುದು ಭಟ್ಟರಿಗೆ ಮರೆತರೂ ಅವರಿಗೆ ಮರೆಯುತ್ತಿರಲಿಲ್ಲ. ಮೊಮ್ಮಕ್ಕಳನ್ನು ಮಲಗಿಸುವಾಗ ಹೇಳುತ್ತಿದ್ದುದೂ ಚರ್ಮ ಸುಲಿಯುವ ಕಥೆಗಳನ್ನೇ.

ಪೋಥಿಯ ಇಪ್ಪತ್ತೆಂಟು ನರಕ ಮುಗಿಸಿ ಭಟ್ಟರು ಪುಟ ಮಗುಚುವ ನಟನೆ ಮಾಡಿ ಇಪ್ಪತ್ತೊಂಬತ್ತನೆಯದಕ್ಕೆ ಬಂದರು. ಅಲ್ಲಿ ಜಿನ್ನೂ ಇಲ್ಲ, ಬಾಣಲೆಯೂ ಇಲ್ಲ. ಒಂದು ಕತ್ತಲೆ ಕೋಣೆ, ಕೆಳಗೆ ಕೆಂಡ. ಬಾಣಂತಿಗೆ ನೀರು ಕೊಡದ ಅತ್ತೆ ಅಲ್ಲಿ ಮಲಗಿದ್ದಾಳೆ. ನಾಲಿಗೆ ಬೇಸಿಗೆಯ ಎರೆಹೊಲದ ಹಾಗೆ ಬಿರುಕು ಬಿಟ್ಟು ಬಿರುಕಿನಿಂದ ರಕ್ತ ಜಿನುಗುತ್ತಿದೆ. ಆ ರಕ್ತವನ್ನೇ ನೆಕ್ಕಿ ನುಂಗುತ್ತಾಳೆ, ಅದೂ ಒಣಗುತ್ತದೆ. ತಲೆದೆಸೆಯಲ್ಲಿ ತಣ್ಣನೆ ನೀರಿನ ತಂಬಿಗೆ. ಕೈ ಚಾಚಿದರೆ ಯಮದೂತ ಅದನ್ನು ಮೆಲ್ಲಗೆ ಸರಿಸುತ್ತಾನೆ. ಹೊಡೆಯುವುದಿಲ್ಲ, ಬೈಯುವುದಿಲ್ಲ. ತಲೆ ಸವರಿ, "ಬ್ಯಾಡ ನನ್ನವ್ವಾ, ನಿನ್ನ ಒಳ್ಳೇದಕ್ಕ ಹೇಳ್ತೀನಿ" ಎನ್ನುತ್ತಾನೆ. ಹೀಗೆ ಕಲ್ಪಾಂತದವರೆಗೆ.

ಕಟ್ಟೆಯ ಮೇಲೆ ಯಾರೂ ಕೆಮ್ಮಲಿಲ್ಲ. ಆಮೇಲೆ ಸೊಸೆಯರ ಗುಂಪಿನಿಂದ ಒಂದು ನಿಟ್ಟುಸಿರು ಎದ್ದಿತು ನೋಡಿ, ಅಂಥ ಶಬ್ದವನ್ನು ಭಟ್ಟರು ಜನ್ಮದಲ್ಲಿ ಕೇಳಿರಲಿಲ್ಲ. ಮರುದಿನ ಊರಿನ ಅರ್ಧ ಸೊಸೆಯರು ಬಂದಿದ್ದರು. "ಆ ಕಡೀದು ಮತ್ತೊಮ್ಮೆ ಓದ್ರಿ ಭಟ್ರೇ" ಎಂದು ಗೋಗರೆದರು. ಊರಿನ ಅತ್ತೆಯರಿಗೆ ಇದ್ದಕ್ಕಿದ್ದ ಹಾಗೆ ಕರುಣೆ ಉಕ್ಕಿತು. ಕೇಳದಿದ್ದರೂ ಸೊಸೆಯರಿಗೆ ತಂಬಿಗೆ ತಂಬಿಗೆ ನೀರು ಕೊಡತೊಡಗಿದರು. ಬೆಟಗೇರಿಯಲ್ಲಿ ಒಬ್ಬಾಕೆ ಸೊಸೆಗೆ ಶರಬತ್ತನ್ನೇ ಮಾಡಿ ಕೊಟ್ಟಳಂತೆ. ಸೊಸೆ ಅಂಜಿ ಕುಡಿಯಲಿಲ್ಲ. ಭಟ್ಟರು ಎದೆಯುಬ್ಬಿಸಿ ನಡೆದಾಡಿದರು.

ಸೂತಕ ಕಳೆದು ಸ್ವಲ್ಪ ದಿನಕ್ಕೆ ಅನಂತರಾಯರು ನಡು ಮಧ್ಯಾಹ್ನ ಓಡುತ್ತ ಬಂದರು. ಮುಖದಲ್ಲಿ ರಕ್ತವಿರಲಿಲ್ಲ.

"ಭಟ್ರೇ, ನಮ್ಮವ್ವ ಎರಡು ದಿನ ಆತು, ಒಂದು ಹನಿ ನೀರು ಮುಟ್ಟವಲ್ಲಳು. ತುಟಿ ಒಡೆದಾವ, ಮಾತು ತೊದಲ್ಲಿಕ್ಕೆ ಹತ್ಯಾವ. ಇಲ್ಲೇ ಒಂದಿಷ್ಟು ಅನುಭವಿಸಿ ಹೋದ್ರ ಅಲ್ಲಿ ಅಷ್ಟು ಕಡಿಮಿ ಆಗ್ತದ ಅಂತಾಳ. ಸಂಜೀ ಒಳಗ ನೀರು ಕುಡೀಲಿಲ್ಲಂದ್ರ ಉಳಿಯೂದಿಲ್ಲ ಅಂತ ಡಾಕ್ಟರು ಹೇಳಿ ಹೋದ್ರು. ನೀವು ಹಾಕಿದ ನರಕ, ನೀವೇ ಬಂದು ತಗೀರಿ."

ಭಟ್ಟರಿಗೆ ಆಗ ನೆನಪಾಯಿತು. ಅನಂತರಾಯರ ಮೊದಲ ಹೆಂಡತಿ ಸರಸ್ವತಿ ಎರಡನೆಯ ಬಾಣಂತನದಲ್ಲಿ ಆ ಮನೆಯಲ್ಲೇ ತೀರಿಕೊಂಡಿದ್ದಳು, ಜ್ವರ ಏರಿ, ನೀರು ನೀರು ಎಂದು. ಓಣಿಗೆಲ್ಲ ಗೊತ್ತಿದ್ದ ಮಾತು. ಯಾರೂ ಜಾನಕೀಬಾಯಿಯದು ತಪ್ಪು ಎಂದಿರಲಿಲ್ಲ, ಯಾಕೆಂದರೆ ಯಾರೂ ಬೇರೆ ರೀತಿ ಮಾಡಿದವರಲ್ಲ. ಇಷ್ಟು ವರ್ಷ ಸತ್ತವರ ಮನೆಗೆ ಹೋದವರು ಮೊದಲ ಸಲ ಬದುಕಿದ್ದವರ ಮನೆಗೆ ಹೊರಟರು.

ಅದರ ಮೇಲೆ ಇನ್ನೊಂದು ಫಜೀತಿ. ಭಟ್ಟರು ಅನಂತರಾಯರ ಮನೆ ಹೊಕ್ಕದ್ದನ್ನು ಓಣಿ ನೋಡಿತು. ಭಟ್ಟರು ಒಂದು ಮನೆಗೆ ಹೋದರೆಂದರೆ ಅರ್ಥ ಒಂದೇ. ಚಣದಲ್ಲಿ ಖಬರು ಹಬ್ಬಿ, ಮಂದಿ ಚಾಪೆ ಬಗಲಲ್ಲಿ ಹಿಡಿದು ಬಂದೇ ಬಿಟ್ಟರು. ಇಬ್ಬರು ಹೆಂಗಸರು ಅಳುವುದಕ್ಕೂ ಶುರು ಮಾಡಿದರು. ವಿರೂಪಾಕ್ಷಪ್ಪನವರು ಕಿಟಕಿಗೆ ಮುಖ ಹಚ್ಚಿ, "ಆತೇನ್ರಿ?" ಎಂದರು.

"ಇನ್ನೂ ಆಗಿಲ್ಲ!" ಎಂದು ಅನಂತರಾಯರು ಕಿರುಚಿದರು. ಮಂದಿ ಚಾಪೆ ಸುತ್ತಲಿಲ್ಲ. ಇನ್ನೂ ಎಂದಿದ್ದಾರಲ್ಲ, ಕಾದರಾಯಿತು ಎಂದು ಕಟ್ಟೆಯ ಮೇಲೆ ಕೂತರು.

ಒಳಗೆ ಜಾನಕೀಬಾಯಿ ಗೋಡೆಗೆ ಒರಗಿದ್ದರು. ಪಕ್ಕದಲ್ಲಿ ತುಂಬಿದ ತಂಬಿಗೆ. ತುಟಿಗಳ ಮೇಲೆ ಬಿಳಿ ಹೊಪ್ಪಳೆ ಎದ್ದಿತ್ತು. ತಾವು ವರ್ಣಿಸಿದ ನಾಲಿಗೆಯನ್ನು ಭಟ್ಟರು ಕಣ್ಣಾರೆ ನೋಡಿದ್ದು ಅದೇ ಮೊದಲು.

"ಕಾಕೂ, ಆ ನರಕ ಪೋಥಿಯೊಳಗ ಇಲ್ಲ" ಎಂದರು. "ನಾ ಕಟ್ಟಿದ್ದು. ಬಾಣಲಿನೂ ನಂದು, ಜಿನ್ನೂ ನಂದು, ಎಲ್ಲಾ ನಂದು. ದೇವರಾಣಿ. ನೀರು ಕುಡೀರಿ."

ಹೊರಗಿನ ಕಟ್ಟೆಯ ಮೇಲೆ ಗುಜುಗುಜು ಎದ್ದಿತು. "ಹಂಗಾರ ಹತ್ತಿಗೆ ನೀರು ಹೊಡದವರಿಗೆ ಏನೂ ಇಲ್ಲಂತ!" ಎಂದು ಒಂದು ದನಿ ಹರ್ಷದಿಂದ ಹೇಳಿದ್ದು ಒಳಗೂ ಕೇಳಿಸಿತು. ಇಷ್ಟು ವರ್ಷ ಕಟ್ಟಿದ ಹೆಸರು ಒಂದು ಗಳಿಗೆಯಲ್ಲಿ ಹೋಯಿತು. ಭಟ್ಟರಿಗೆ ಅದರ ಕಡೆ ಲಕ್ಷ್ಯವೂ ಇರಲಿಲ್ಲ, ಮುದುಕಿಯ ತುಟಿಯನ್ನೇ ನೋಡುತ್ತಿದ್ದರು.

ಜಾನಕೀಬಾಯಿ ನಕ್ಕರು, ನಗುವಾಗ ತುಟಿ ಒಡೆದು ರಕ್ತ ಬಂತು. "ಬಾಣಲಿ ನಿಮ್ಮದು ಅಂತ ನನಗ ಮೊದಲ ಗೊತ್ತಿತ್ತು, ಭಟ್ರೇ. ಅದನ್ನೆಲ್ಲಾ ಕೇಳಿ ಬಂದು ಹೊಟ್ಟಿ ತುಂಬ ಉಂಡು ಮಲಗ್ತಿದ್ದೆ. ಅಂಥಾದು ಕೇಳಿದ್ರ ಮೈ ಝುಂ ಅಂತದ, ಮನಸು ಹಗುರ ಆಗ್ತದ, ಅದರೊಳಗ ನಾ ಇಲ್ಲಲ್ಲಾ ಅಂತ. ಆದ್ರ ಇದು ನಿಮ್ಮದಲ್ಲ. ‘ನಿನ್ನ ಒಳ್ಳೇದಕ್ಕ ಹೇಳ್ತೀನಿ’ ಅಂತ ಸರಸ್ವತಿಗೆ ನಾನ ಅಂದಿದ್ದೆ. ತಲಿ ಸವರಿ ಅಂದಿದ್ದೆ. ಬಾಗಿಲಾ ಹಾಕಿತ್ತು, ಕೋಣಿಯೊಳಗ ನಾವಿಬ್ಬರ ಇದ್ವಿ. ಯಮ ಹೇಳಲಾರದ ಅದು ನಿಮಗ ಹೆಂಗ ಗೊತ್ತಾತು?"

ಭಟ್ಟರು ಎಷ್ಟು ಆಣೆ ಇಟ್ಟರೂ ಮುದುಕಿ ತಲೆ ಅಲ್ಲಾಡಿಸಿದರು, ಅಷ್ಟೇ. ಕೊನೆಗೆ ಭಟ್ಟರು ಎದ್ದು, ಚಪ್ಪಲಿಯನ್ನೂ ಮೆಟ್ಟದೆ, ಕಾದ ರಸ್ತೆಯಲ್ಲಿ ಓಡಿ ಮನೆಗೆ ಹೋಗಿ ಪದ್ಮಾಬಾಯಿಯನ್ನು ಕರೆತಂದರು.

ಪದ್ಮಾಬಾಯಿ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಬಂದವರು ಜಾನಕೀಬಾಯಿಯ ಪಕ್ಕದಲ್ಲೇ ನೆಲಕ್ಕೆ ಕೂತರು.

"ಕಾಕೂ, ಆ ಮಾತು ಯಮ ಹೇಳಿಲ್ಲ, ನಾ ಹೇಳೀನಿ. ನನಗ ನಮ್ಮತ್ತಿ ಅಂದದ್ದು. ಹಂಗ ತಲಿ ಸವರಿ ಅಂದದ್ದು. ನಿಮಗ ನಿಮ್ಮತ್ತಿ ಏನಂದಿದ್ರು?"

ಜಾನಕೀಬಾಯಿ ತಂಬಿಗೆಯ ಕಡೆ ನೋಡಿದರು. "ಅದ ಮಾತು" ಎಂದರು.

"ನೋಡ್ರ್ಯಲ್ಲಾ! ಆ ನರಕ ಈ ಗಂಡಸಿಂದಲ್ಲ, ನಂದು. ನಾ ಮಾಡಿದ್ದು. ನಾ ನಿಮ್ಮನ್ನ ಅದರೊಳಗ ಬಿಟ್ಟುಕೊಳ್ಳೂದಿಲ್ಲ. ಕುಡೀರಿ." ಪದ್ಮಾಬಾಯಿ ತಂಬಿಗೆಯಿಂದ ಲೋಟಕ್ಕೆ ನೀರು ಬಗ್ಗಿಸಿ ಹಿಡಿದರು.

ಮುದುಕಿಯ ಕಣ್ಣಲ್ಲಿ ನೀರು ತುಂಬಿತು, ಆದರೂ ಕೈ ಮೇಲೇಳಲಿಲ್ಲ. "ನೀ ಬಿಡ್ತೀ ಪದ್ದೀ. ಆಕಿ ಬಿಡ್ತಾಳೇನು?"

"ಆಕಿನ್ನ ನಾ ಕಂಡಿಲ್ಲ. ಆದ್ರ ಆ ಮಂಚದ ಮ್ಯಾಲ ನಾನೂ ಮಲಗೀನಿ, ಕಾಕೂ. ಆ ಹೊತ್ತಿನ್ಯಾಗ ಯಾರ ಮ್ಯಾಲೂ ಸಿಟ್ಟು ಇರೂದಿಲ್ಲ, ನೀರಷ್ಟ ಬೇಕಿರ್ತದ. ಹಂಗ ಒಣಗಿದಾಕಿ ಮತ್ತೊಬ್ಬರು ಹಂಗ ಒಣಗಲಿ ಅಂತ ಅನ್ನೂದಿಲ್ಲ. ನಾ ಹೇಳ್ತೀನಿ ಕೇಳ್ರಿ, ಅನ್ನೂದಿಲ್ಲ."

ಜಾನಕೀಬಾಯಿ ಲೋಟಕ್ಕೆ ಬಾಯಿ ಹಚ್ಚಿದರು. ಮೊದಲ ಗುಟುಕು ಹೊರಗೇ ಚೆಲ್ಲಿತು, ಎರಡನೆಯದು ಗಂಟಲಿಗೆ ಇಳಿಯಿತು. ಆಮೇಲೆ ಲೋಟ ಕಿತ್ತುಕೊಂಡು ಗಟಗಟನೆ ಕುಡಿದರು. ಕುಡಿಯುತ್ತ ಬಿಕ್ಕಿಬಿಕ್ಕಿ ಅತ್ತರು. "ಸರಸ್ವತೀ, ಸರಸ್ವತೀ" ಎಂದು ಅತ್ತರು. ಅನಂತರಾಯರು ಬಾಗಿಲಲ್ಲಿ ನಿಂತು ಮುಖ ಮುಚ್ಚಿಕೊಂಡಿದ್ದರು. ಕಟ್ಟೆಯ ಮೇಲಿನ ಮಂದಿ, ಇವತ್ತು ಏನೂ ಆಗುವಂತಿಲ್ಲ ಎಂದು ಗೊತ್ತಾಗಿ, ಚಾಪೆ ಸುತ್ತಿಕೊಂಡು ಗೊಣಗುತ್ತ ಹೋದರು.

ಗಂಡಹೆಂಡತಿ ಮನೆಯ ಕಡೆ ಹೊರಟಾಗ ಬಿಸಿಲು ಇನ್ನೂ ಇಳಿದಿರಲಿಲ್ಲ. ಭಟ್ಟರಿಗೆ ಎದೆಯ ಮೇಲಿನ ಬಂಡೆ ಸರಿದಷ್ಟು ನಿರಾಳ. ಹೆಸರು ಹೋದರೆ ಹೋಗಲಿ, ಮುದುಕಿಯ ಜೀವ ಉಳಿಯಿತು.

"ಅಂತೂ ಆ ನರಕ ಖಾಲಿ ಆತು ಬಿಡು" ಎಂದು ನಕ್ಕರು.

"ಖಾಲಿ ಯಾಕಾಗ್ತದ?" ಎಂದರು ಪದ್ಮಾಬಾಯಿ. "ಒಬ್ಬರು ಇದ್ದಾರಲ್ಲ."

"ಯಾರು, ನಮ್ಮವ್ವನ?"

"ನಿಮ್ಮವ್ವನ್ನ ಎಂದೋ ಬಿಟ್ಟೀನಿ. ಆಕಿಗೆ ತಿಳದದ್ದು ಅಷ್ಟ. ಆ ದಿವಸ ನಾ ಒಳಗ ನೀರು ನೀರು ಅಂತ ಒದರೂ ಮುಂದ ಪಡಸಾಲ್ಯಾಗ ಕೂತು ಕೊಪ್ಪರಿಗೆ ನರಕ ಬಾಯಿಪಾಠ ಮಾಡ್ಲಿಕ್ಕೆ ಹತ್ತಿದ್ದವರು ಯಾರು? ನಾ ಒದರಿದಷ್ಟೂ ಅವರು ದನಿ ಏರಿಸಿದ್ರು."

ಭಟ್ಟರು ನಡುರಸ್ತೆಯಲ್ಲಿ ನಿಂತುಬಿಟ್ಟರು. ಕಾಲಿಗೆ ಚಪ್ಪಲಿ ಇರಲಿಲ್ಲ, ನೆಲ ಸುಡುತ್ತಿತ್ತು. "ಅವರನ್ನ ಬಿಡೂದಿಲ್ಲೇನು?" ಎಂದರು ಕೊನೆಗೆ, ಗಂಟಲು ಒಣಗಿದ ದನಿಯಲ್ಲಿ.

"ಅವರ ವಿಚಾರ ಇನ್ನೂ ಮಾಡಿಲ್ಲ" ಎಂದು ಪದ್ಮಾಬಾಯಿ ತಲೆಯ ಮೇಲೆ ಸೆರಗು ಎಳೆದುಕೊಂಡು ಮನೆಯ ಕಡೆ ನಡೆದರು.